ನೀರಿನ ಜಾಡು ಹಿಡಿದು: ನಮೀಬಿಯಾ–ಬೋಟ್ಸ್ವಾನಾ ಪ್ರವಾಸ

ಆಫ್ರಿಕಾ ಎಂದೊಡನೆ ನಮ್ಮಲ್ಲಿ ಹಲವರ ಕಣ್ಣೆದುರು ನಿಲ್ಲುವುದು ಕೀನ್ಯಾದ ಹುಲ್ಲುಗಾವಲು, ಅದರ ಮೇಲೆ ಹರಿದೋಡುವ ಮೃಗಗಳ ಮಹಾಪ್ರವಾಹ. ಅದೇ ಖಂಡದ ನೈಋತ್ಯ ಅಂಚಿನಲ್ಲಿ ನಮೀಬಿಯಾ, ಅದರ ಮಗ್ಗುಲಿಗೆ ಬೋಟ್ಸ್ವಾನಾ ಎಂಬ ಎರಡು ವಿಶಾಲ ದೇಶಗಳಿವೆ. ಮೊದಲನೆಯದರ ಕಡಲಂಚಿನುದ್ದಕ್ಕೂ ನಮೀಬ್ ಮರುಭೂಮಿ. ಎರಡನ್ನೂ ಆವರಿಸಿಕೊಂಡು ಕಲಹಾರಿ. ಇಲ್ಲಿ ಮೃಗಗಳನ್ನು ಹುಡುಕಿಕೊಂಡು ಹೋಗುವ ಪ್ರವಾಸಿಗನು ವಾಸ್ತವವಾಗಿ ಹುಡುಕುವುದು ನೀರನ್ನು. ನೀರಿದ್ದಲ್ಲಿ ಮೃಗವಿದೆ, ಮನುಷ್ಯನಿದ್ದಾನೆ, ಅವನ ಇತಿಹಾಸವೂ ಇದೆ.

ಆರೋಗ್ಯ ಲೇಖನಗಳಿಗೆ ಮೀಸಲಾದ ಪುಟಗಳಲ್ಲಿ ಪ್ರವಾಸ ಕಥನಕ್ಕೇನು ಕೆಲಸವೆಂದು ಕೆಲವು ವಾಚಕರು ಕೇಳಬಹುದು. 2023ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹೊರಟ ನಮ್ಮ ಹದಿನಾಲ್ಕು ಜನರ ತಂಡದಲ್ಲಿ ಹತ್ತು ಮಂದಿ ಅರುವತ್ತು ದಾಟಿದವರು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೊಣಕಾಲು ನೋವುಗಳಲ್ಲಿ ಯಾವುದೊಂದೂ ಇಲ್ಲದವರು ಇಬ್ಬರೋ ಮೂವರೋ. ನಿವೃತ್ತಿಯ ಹಣದಿಂದ ದೂರದೇಶ ನೋಡಲು ಹೊರಡುವ ನಮ್ಮವರ ಚಿತ್ರ ಈಗ ಹೆಚ್ಚುಕಡಿಮೆ ಹೀಗೆಯೇ ಇದೆ. ಆದುದರಿಂದ ಕಂಡದ್ದನ್ನು ಹೇಳುತ್ತ, ದೇಹವನ್ನು ಕಾಪಾಡಿಕೊಳ್ಳಬೇಕಾದ ಬಗೆಯನ್ನೂ ಅಲ್ಲಲ್ಲಿ ಹೇಳುವುದು ಈ ಲೇಖನದ ಉದ್ದೇಶ.

ನಮೀಬಿಯಾದ ವಿಸ್ತೀರ್ಣ ಸುಮಾರು 8 ಲಕ್ಷ 25 ಸಾವಿರ ಚದರ ಕಿಲೋಮೀಟರು, ಎಂದರೆ ಕರ್ನಾಟಕದ ನಾಲ್ಕು ಪಟ್ಟಿಗೂ ಮಿಗಿಲು. 2023ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 30 ಲಕ್ಷದ ಆಸುಪಾಸು. ಮುಂಬಯಿಯ ಲೋಕಲ್ ರೈಲುಗಳು ಒಂದು ದಿನದಲ್ಲಿ ಹೊತ್ತು ತಿರುಗುವ ಜನರ ಅರ್ಧದಷ್ಟೂ ಆಗದು. ರಾಜಧಾನಿ ವಿಂಡ್‌ಹುಕ್ ಸಮುದ್ರಮಟ್ಟದಿಂದ ಸಾವಿರದ ಆರುನೂರು ಮೀಟರಿಗೂ ಎತ್ತರದಲ್ಲಿದೆ. ಗಾಳಿ ತೆಳು, ಬೀದಿಗಳು ಚೊಕ್ಕಟ. ವರ್ಷವಿಡೀ ಹರಿಯುವ ಹೊಳೆಯೊಂದೂ ಸಮೀಪದಲ್ಲಿಲ್ಲದ ಈ ನಗರವು 1968ರಿಂದಲೇ ತನ್ನ ಕೊಳಚೆ ನೀರನ್ನು ಶುದ್ಧಗೊಳಿಸಿ ಮತ್ತೆ ಕುಡಿಯುವ ನೀರಾಗಿ ನಳಗಳಿಗೆ ಬಿಡುತ್ತಿದೆ. ಜಗತ್ತಿನಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದ ನಗರವಿದು. ಗೊರೆಯಾಂಗಾಬ್ ಎಂಬಲ್ಲಿರುವ ಈ ಸ್ಥಾವರದ ವಿಷಯವನ್ನು ಮಾರ್ಗದರ್ಶಿ ಊಟದ ಮೇಜಿನ ಬಳಿ ಹೇಳಿದಾಗ, ನಮ್ಮಲ್ಲೊಬ್ಬರು ಕೈಯಲ್ಲಿದ್ದ ಲೋಟವನ್ನು ಸದ್ದಿಲ್ಲದೆ ಕೆಳಗಿಟ್ಟರು. ಆ ನೀರನ್ನು ಹಲವು ಹಂತಗಳಲ್ಲಿ ಶೋಧಿಸಿ, ಪರೀಕ್ಷಿಸಿದ ಮೇಲೆಯೇ ಹೊರಬಿಡುತ್ತಾರೆ. ನಮ್ಮ ಎಷ್ಟೋ ಕಟ್ಟಡಗಳ ಮಾಳಿಗೆಯ ಟಾಕಿಯ ನೀರನ್ನು ನೆನೆದರೆ, ವಿಂಡ್‌ಹುಕ್‌ನ ನಳಕ್ಕೆ ಅಂಜಬೇಕಾದ ಕಾರಣ ನನಗೆ ಕಾಣಲಿಲ್ಲ.

ಆರು ಮಿಣಿಗಳ ಊರು

ವಿಂಡ್‌ಹುಕ್‌ನಿಂದ ನೈಋತ್ಯಕ್ಕೆ ಐದಾರು ಗಂಟೆ ಜಲ್ಲಿಯ ರಸ್ತೆಯಲ್ಲಿ ಸಾಗಿದರೆ ಸೆಸ್ರೀಮ್ ಎಂಬ ಠಾಣ್ಯ. ಊರೆನ್ನುವಷ್ಟು ದೊಡ್ಡದಲ್ಲ, ನಮೀಬ್–ನೌಕ್ಲುಫ್ಟ್ ರಾಷ್ಟ್ರೀಯ ಉದ್ಯಾನದ ಹೆಬ್ಬಾಗಿಲು, ಅಷ್ಟೆ. ಆಫ್ರಿಕಾನ್ಸ್ ಭಾಷೆಯಲ್ಲಿ ಈ ಹೆಸರಿಗೆ 'ಆರು ಚರ್ಮದ ಹಗ್ಗಗಳು' ಎಂದರ್ಥ. ಸಮೀಪದ ಕಿರುಗಣಿವೆಯ ತಳದಲ್ಲಿ ನಿಂತ ನೀರನ್ನು ಸೇದಲು, ಎತ್ತುಗಳಿಗೆ ಕಟ್ಟುವ ಆರು ಚರ್ಮದ ಹಗ್ಗಗಳನ್ನು ಒಂದಕ್ಕೊಂದು ಗಂಟುಹಾಕಬೇಕಾಗಿತ್ತಂತೆ. ಕಪಿಲೆ ಬಾವಿಯ ಮಿಣಿಯನ್ನು ಬಾಲ್ಯದಲ್ಲಿ ಕಂಡವರಿಗೆ ಈ ಹೆಸರಿನ ಭಾರ ತಟ್ಟನೆ ತಿಳಿಯುತ್ತದೆ.

ಉದ್ಯಾನದ ಬಾಗಿಲು ಸೂರ್ಯೋದಯಕ್ಕೆ ತೆರೆಯುತ್ತದೆ. ಒಳಗೆ ಅರುವತ್ತು ಕಿಲೋಮೀಟರುಗಳಿಗೂ ಮಿಕ್ಕ ದಾರಿ. ಇಕ್ಕೆಲಗಳಲ್ಲಿ ಮರಳಿನ ಗುಡ್ಡಗಳು. ಮರಳೆಂದರೆ ನಮ್ಮ ಕಡಲತಡಿಯ ಬೂದುಬಣ್ಣದ ಮರಳಲ್ಲ. ಕಬ್ಬಿಣದ ಅಂಶವು ಯುಗಯುಗಗಳಿಂದ ತುಕ್ಕು ಹಿಡಿದು ಪ್ರತಿಯೊಂದು ಕಣಕ್ಕೂ ಕಾವಿಯ ಲೇಪ ಕೊಟ್ಟಿದೆ. ಬೆಳಗಿನ ಓರೆಬಿಸಿಲಿನಲ್ಲಿ ಗುಡ್ಡದ ಒಂದು ಪಾರ್ಶ್ವ ಕೆಂಡದಂತೆ, ಇನ್ನೊಂದು ಕಾಡಿಗೆಯಂತೆ ಕಾಣುತ್ತದೆ. ನಡುವೆ ಕತ್ತಿಯ ಅಲಗಿನಂಥ ಶಿಖರರೇಖೆ. ಅತ್ಯುನ್ನತ ಗುಡ್ಡಗಳು ಮುನ್ನೂರು ಮೀಟರುಗಳನ್ನು ಮೀರುತ್ತವೆ. ಈ ಮರಳ ಕಡಲನ್ನು ಯುನೆಸ್ಕೋ 2013ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ದಾರಿಯ ಕೊನೆಯಲ್ಲಿ ಸೊಸ್ಸಸ್‌ಫ್ಲೇ. ಸೌಚಬ್ ಎಂಬ ನದಿ ಎಂದಾದರೊಮ್ಮೆ ಮಳೆ ಬಂದಾಗ ಇಲ್ಲಿಯವರೆಗೆ ಓಡಿಬಂದು, ಮುಂದೆ ದಾರಿ ಕಾಣದೆ, ಮರಳಗುಡ್ಡಗಳ ನಡುವೆ ಇಂಗಿಹೋಗುತ್ತದೆ. ಅದರ ಪಕ್ಕದಲ್ಲಿಯೇ ಡೆಡ್‌ಫ್ಲೇ. ನದಿ ದಿಕ್ಕು ಬದಲಿಸಿ, ಮರಳು ಅಡ್ಡ ನಿಂತು, ನೀರು ಬರುವುದು ನಿಂತುಹೋದ ಬಿಳಿಯ ಜೇಡಿಯ ಹರಿವಾಣವಿದು. ಅದರಲ್ಲಿ ಹಲವು ಶತಮಾನಗಳ ಹಿಂದೆಯೇ ಸತ್ತ ಜಾಲಿಯ ಜಾತಿಯ ಮರಗಳು ಇಂದಿಗೂ ನಿಂತಿವೆ. ಕೊಳೆಯುವುದಕ್ಕೂ ತೇವ ಬೇಕಷ್ಟೆ! ಅದಿಲ್ಲದ ಕಾರಣ ಅವು ಕೊಳೆತಿಲ್ಲ, ಬಿದ್ದಿಲ್ಲ; ಬಿಸಿಲಿಗೆ ಸೀದು ಕಪ್ಪಾಗಿವೆ.

ನಮ್ಮ ತಂಡಕ್ಕೆ ಗಾಬರಿ ಉಂಟಾದದ್ದು ಇಲ್ಲಿಯೇ. ವಾಹನ ನಿಲ್ಲುವ ಜಾಗದಿಂದ ಡೆಡ್‌ಫ್ಲೇಗೆ ಮರಳಿನಲ್ಲಿ ಒಂದು ಕಿಲೋಮೀಟರಿನಷ್ಟು ನಡೆಯಬೇಕು. ಹಿಂದಿರುಗುವಾಗ ಹೊತ್ತು ಹತ್ತೂವರೆ. ನಮ್ಮೊಡನಿದ್ದ ಅರುವತ್ತೇಳು ವರ್ಷದ ಹಿರಿಯರೊಬ್ಬರು ನಡೆಯುತ್ತಿದ್ದಂತೆಯೇ ತೂರಾಡಿ ಕುಳಿತುಬಿಟ್ಟರು. ಮುಖ ಬೆಳ್ಳಗಾಗಿತ್ತು, ಮಾತು ನಿಧಾನವಾಗಿತ್ತು. ಓವಾಂಬೊ ಜನಾಂಗದವನಾದ ಮಾರ್ಗದರ್ಶಿ ಓಡಿಬಂದು, "ಮೇಮೆ, ಮೇಮೆ" ಎಂದು ಕರೆಯುತ್ತ ತನ್ನ ಟೋಪಿಯಿಂದಲೇ ನೆರಳು ಹಿಡಿದನು. ಅವರ ಭಾಷೆಯಲ್ಲಿ ತಾಯಿಯ ವಯಸ್ಸಿನವರನ್ನು ಕರೆಯುವ ಮಾತು ಅದು.

"ಅಕ್ಕಾ, ಬೆಳಗಿನಿಂದ ಎಷ್ಟು ನೀರು ಕುಡಿದಿರಿ?" ಎಂದು ನಮ್ಮವರೊಬ್ಬರು ಕೇಳಿದರು.

"ಮಾತ್ರೆಯ ಜೊತೆಗೆ ಅರ್ಧ ಲೋಟ. ಕುಡಿದರೆ ಈ ಬಯಲಿನಲ್ಲಿ ಎಲ್ಲಿಗೆ ಹೋಗಲಿ ಮಾರಾಯರೆ?"

ಈ ಒಂದು ಮಾತಿನಲ್ಲಿ ನಮ್ಮ ಹೆಂಗಸರ ಪ್ರವಾಸದ ಸಂಕಟವೆಲ್ಲ ಅಡಗಿದೆ. ನೂರಾರು ಕಿಲೋಮೀಟರು ಮನೆಯಿಲ್ಲ, ಮರೆಯಿಲ್ಲ; ಮೃಗಗಳಿರುವ ಉದ್ಯಾನಗಳಲ್ಲಂತೂ ಬೇಲಿ ಹಾಕಿದ ವಿಶ್ರಾಂತಿ ಸ್ಥಳಗಳ ಹೊರತು ವಾಹನದಿಂದ ಇಳಿಯುವುದೇ ನಿಷಿದ್ಧ. ಆದುದರಿಂದ ಅವರು ನೀರನ್ನೇ ಬಿಟ್ಟುಬಿಡುತ್ತಾರೆ. ಆ ತಾಯಿ ನುಂಗಿದ ಮಾತ್ರೆಯೋ, ರಕ್ತದೊತ್ತಡಕ್ಕೆಂದು ಕೊಟ್ಟ, ಮೂತ್ರವನ್ನು ಹೆಚ್ಚಿಸುವ ಮಾತ್ರೆ. ಒಳಗೆ ಬರುವುದು ನಿಂತಿದೆ, ಹೊರಗೆ ಹೋಗುವುದು ಹೆಚ್ಚಿದೆ. ನೆರಳಿನಲ್ಲಿ ಮಲಗಿಸಿ, ಕಾಲನ್ನು ತುಸು ಎತ್ತರಿಸಿ, ಜೀವಜಲದ ಪುಡಿ ಕದಡಿದ ನೀರನ್ನು ಗುಟುಕುಗುಟುಕಾಗಿ ಕುಡಿಸಿದ ಮೇಲೆ ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡರು. ಅಂದು ಪುಡಿಯ ಪೊಟ್ಟಣ ಮಾರ್ಗದರ್ಶಿಯ ಚೀಲದಲ್ಲಿತ್ತು. ಅತ್ಯಂತ ಸಮೀಪದ ಸುಸಜ್ಜಿತ ಆಸ್ಪತ್ರೆಯೆಂದರೆ ನಾಲ್ಕೈದು ಗಂಟೆಯ ದಾರಿ.

ಮುಂಬಯಿ, ಚೆನ್ನೈಗಳ ಸೆಖೆಯಲ್ಲಿ ಬೆವರು ತೊಟ್ಟಿಕ್ಕಿ ನಮಗೆ ಎಚ್ಚರಿಕೆ ಕೊಡುತ್ತದೆ. ಮರುಭೂಮಿಯ ಒಣಗಾಳಿಯಲ್ಲಿ ಬೆವರು ಚರ್ಮಕ್ಕೆ ಬಂದ ಕ್ಷಣವೇ ಆರಿಹೋಗುವುದರಿಂದ, ಬೆವರುತ್ತಿಲ್ಲವೆಂದೇ ನಾವು ಭಾವಿಸುತ್ತೇವೆ. ಸಂಜೆ ಅಂಗಿಯ ಕೊರಳಪಟ್ಟಿಯಲ್ಲಿ ಉಪ್ಪಿನ ಬಿಳಿಗೆರೆ ಮೂಡಿದಾಗಲೇ ನಿಜಸ್ಥಿತಿ ತಿಳಿಯುವುದು. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಮಂದವಾಗುತ್ತದೆ. ಆದುದರಿಂದ ಬಾಯಾರಲೆಂದು ಕಾಯದೆ ಗಡಿಯಾರ ನೋಡಿ ಕುಡಿಯಬೇಕು. ಮೂತ್ರ ಗಾಢ ಹಳದಿಯಾದರೆ, ತಲೆ ಸಿಡಿದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ಮೀನಖಂಡ ಸೆಳೆದರೆ, ನೀರು ಸಾಲದೆಂದು ತಿಳಿಯಬೇಕು. ಮೈ ಕಾದು, ಬುದ್ಧಿ ತೊದಲಿದರೆ ಅದು ಬಿಸಿಲಿನ ಆಘಾತ. ಕೂಡಲೇ ಮೈಯನ್ನು ತಣ್ಣೀರಿನಿಂದ ತೋಯಿಸಿ, ಗಾಳಿ ಬೀಸಿ, ವೈದ್ಯರ ಬಳಿ ಒಯ್ಯಬೇಕು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು (ಚಹಾ ಚಮಚದ ಅಳತೆ). ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ಎಷ್ಟು ಕುಡಿಯಬೇಕೆಂಬುದನ್ನೂ, ಮೂತ್ರ ಹೆಚ್ಚಿಸುವ ಮಾತ್ರೆಯವರು ಅದನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂಬುದನ್ನೂ ಹೊರಡುವ ಮೊದಲೇ ತಮ್ಮ ವೈದ್ಯರಲ್ಲಿ ಕೇಳಿಕೊಳ್ಳತಕ್ಕದ್ದು. ತಾವಾಗಿಯೇ ಮಾತ್ರೆ ಬಿಡುವ ಸಾಹಸ ಬೇಡ.

ಇನ್ನು ಮರೆಯ ಮಾತು. ಮರುದಿನದಿಂದ ನಮ್ಮ ಹೆಂಗಸರು ಎರಡು ದೊಡ್ಡ ಸೀರೆಗಳನ್ನು ವಾಹನದಲ್ಲಿಟ್ಟುಕೊಂಡರು. ಉದ್ಯಾನಗಳ ಹೊರಗೆ, ಮಾರ್ಗದರ್ಶಿ ನೆಲ ನೋಡಿ ಒಪ್ಪಿದ ಕಡೆ, ಎರಡೆರಡು ಗಂಟೆಗೊಮ್ಮೆ ವಾಹನ ನಿಂತಿತು. ನಾಲ್ವರು ಸೀರೆ ಹಿಡಿದರು. ಮುಂದೆ ಯಾರೂ ಕುಸಿಯಲಿಲ್ಲ.

ಮಂಜನ್ನು ಕುಡಿಯುವ ಜೀರುಂಡೆ

ಮನುಷ್ಯನು ಹೀಗೆ ಒದ್ದಾಡುವ ನೆಲದಲ್ಲಿ ಇತರ ಜೀವಿಗಳು ಬದುಕುವ ಬಗೆಯಾದರೂ ಹೇಗೆ? ನಮೀಬಿನ ಕರಾವಳಿಯಲ್ಲಿ ವರ್ಷಕ್ಕೆ 20 ಮಿಲಿಮೀಟರಿನಷ್ಟೂ ಮಳೆಯಾಗದ ಕಡೆಗಳಿವೆ. ಆಗುಂಬೆಯಲ್ಲಿ ಇಷ್ಟು ಮಳೆ ಒಂದು ಗಂಟೆಯ ಮಾತು. ಆದರೆ ದಕ್ಷಿಣದಿಂದ ಬರುವ ಬೆಂಗ್ವೆಲಾ ಎಂಬ ತಣ್ಣನೆಯ ಸಾಗರ ಪ್ರವಾಹದ ಮೇಲೆ ಸುಳಿವ ಗಾಳಿ ದಟ್ಟ ಮಂಜಾಗಿ ಮರುಭೂಮಿಯೊಳಕ್ಕೆ ಹಲವಾರು ಕಿಲೋಮೀಟರು ನುಗ್ಗುತ್ತದೆ. ಸ್ವಾಕೊಪ್ಮುಂಡ್ ಎಂಬ ಕಡಲತಡಿಯ ಪಟ್ಟಣದಲ್ಲಿ ನಾವು ಕಳೆದ ಎರಡು ಮುಂಜಾನೆಗಳೂ ಬೀದಿಯ ಆಚೆ ಬದಿ ಕಾಣದಷ್ಟು ಮಂಜು. ಆಸ್ತಮಾ ಇದ್ದವರೊಬ್ಬರಿಗೆ ಇಲ್ಲಿ ಎದೆ ಬಿಗಿಯಿತು. ಉಸಿರೆಳೆಯುವ ಔಷಧಿಯನ್ನು ಕೈಚೀಲದಲ್ಲೇ ಇರಿಸಿಕೊಂಡದ್ದು ಒಳ್ಳೆಯದಾಯಿತು.

ಈ ಮಂಜೇ ನಮೀಬಿನ ಅನ್ನಪಾನ. ಇಲ್ಲಿನ ಕಪ್ಪು ಜೀರುಂಡೆಯೊಂದು ನಸುಕಿನಲ್ಲಿ ಮರಳಗುಡ್ಡದ ನೆತ್ತಿಗೇರಿ, ಗಾಳಿಗೆ ಎದುರಾಗಿ ತಲೆ ಕೆಳಗೆ, ಹಿಂಭಾಗ ಮೇಲೆ ಮಾಡಿ ಶೀರ್ಷಾಸನದಲ್ಲಿ ನಿಲ್ಲುತ್ತದೆ. ಮಂಜು ಬೆನ್ನಿನ ಮೇಲೆ ಹನಿಗಟ್ಟಿ ಇಳಿದು ಬಾಯಿಗೆ ಬರುತ್ತದೆ. ತನ್ನ ತೂಕದ ಮೂರನೆಯ ಒಂದಂಶದಷ್ಟು ನೀರನ್ನು ಒಂದೇ ಮುಂಜಾವಿನಲ್ಲಿ ಕುಡಿದ ಜೀರುಂಡೆಯ ದಾಖಲೆಯೂ ಇದೆ. ಗೊಬಾಬೆಬ್ ಎಂಬಲ್ಲಿನ ಮರುಭೂಮಿ ಸಂಶೋಧನಾ ಕೇಂದ್ರದ ಮೇರಿ ಸೀಲಿ ಮತ್ತು ಅವರ ಸಹೋದ್ಯೋಗಿ ಹ್ಯಾಮಿಲ್ಟನ್ 1976ರಲ್ಲಿ ಈ ವಿಷಯವನ್ನು ಪ್ರಕಟಿಸಿದರು.

ಸ್ವಾಕೊಪ್ಮುಂಡಿನಿಂದ ಒಳನಾಡಿಗೆ ಹೋದರೆ ವೆಲ್ವಿಚಿಯಾ ಎಂಬ ಸಸ್ಯ ಸಿಗುತ್ತದೆ. ನೋಡಲು ಚಂದವೇನೂ ಇಲ್ಲ. ಯಾರೋ ಹರಿದು ಬಿಸುಟ ಹಳೆಯ ಚಾಪೆಯೆಂದು ತೋರುತ್ತದೆ. ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ವೆಲ್ವಿಚ್ 1859ರಲ್ಲಿ ಅಂಗೋಲಾದಲ್ಲಿ ಇದನ್ನು ಕಂಡ ಕಾರಣ ಈ ಹೆಸರು. ಬಾಳಿನುದ್ದಕ್ಕೂ ಇದಕ್ಕೆ ಎರಡೇ ಎಲೆಗಳು. ಅವೇ ಬುಡದಲ್ಲಿ ಬೆಳೆಯುತ್ತ, ತುದಿಯಲ್ಲಿ ಹರಿಯುತ್ತ, ಸಾವಿರ ವರ್ಷಗಳಿಗೂ ಮೀರಿ ಬದುಕುತ್ತವೆ.

ಓರಿಕ್ಸ್ ಎಂಬ ನೀಳಗೊಂಬಿನ ಜಿಂಕೆಯ ಉಪಾಯವೇ ಬೇರೆ. ಬೆವರಿ ಮೈ ತಂಪು ಮಾಡಿಕೊಂಡರೆ ನೀರು ವ್ಯರ್ಥವಾಗುತ್ತದೆಂದು ಅದು ಮೈಯ ಶಾಖವನ್ನು 45 ಡಿಗ್ರಿ ಸೆಲ್ಸಿಯಸಿನವರೆಗೂ ಏರಗೊಡಬಲ್ಲುದು. ನಮಗೆ 41, 42 ಎಂದರೆ ಪ್ರಾಣಾಂತಿಕ. ಆದರೆ ಓರಿಕ್ಸ್‌ನ ಮಿದುಳಿಗೆ ಹೋಗುವ ರಕ್ತ, ಮೂಗಿನ ಉಸಿರಿನಿಂದ ತಣಿದ ಸಣ್ಣ ನಾಳಗಳ ಜಾಲದ ಪಕ್ಕದಲ್ಲಿ ಹಾದು ತಂಪಾಗಿಯೇ ತಲೆ ಸೇರುತ್ತದೆ. ಮೈಗೆ ಜ್ವರ, ತಲೆಗೆ ಶೈತ್ಯ! ಸ್ಯಾಂಡ್‌ಗ್ರೌಸ್ ಎಂಬ ಪಾರಿವಾಳದ ಗಾತ್ರದ ಹಕ್ಕಿಯಲ್ಲಿ ಗಂಡು ನೀರಿನ ಹೊಂಡದಲ್ಲಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು, ಹತ್ತಾರು ಕಿಲೋಮೀಟರು ಹಾರಿ ಗೂಡಿಗೆ ಬರುತ್ತದೆ. ಮರಿಗಳು ಆ ಗರಿಗಳನ್ನು ಚೀಪಿ ಬಾಯಾರಿಕೆ ತೀರಿಸಿಕೊಳ್ಳುತ್ತವೆ. ಬಹುಕಾಲ ಕಟ್ಟುಕತೆಯೆಂದು ತಳ್ಳಿಹಾಕಿದ್ದ ಈ ಸಂಗತಿಯನ್ನು ಕೇಡ್ ಮತ್ತು ಮೆಕ್ಲೀನ್ ಎಂಬ ವಿಜ್ಞಾನಿಗಳು 1967ರಲ್ಲಿ ದೃಢಪಡಿಸಿದರು.

ಬಿಳಿಯ ಬಯಲಿನ ಕೊಳಗಳು

ಉತ್ತರದ ಎಟೋಶಾ ರಾಷ್ಟ್ರೀಯ ಉದ್ಯಾನ ನಮ್ಮ ಬಂಡೀಪುರದಂಥ ಇಪ್ಪತ್ತೈದು ಅರಣ್ಯಗಳನ್ನು ಒಳಗೊಳ್ಳುವಷ್ಟು ವಿಸ್ತಾರವಾಗಿದೆ. ಹೆಸರಿನ ಅರ್ಥ 'ಮಹಾ ಶ್ವೇತಸ್ಥಳ'. ನಡುವೆ ಸುಮಾರು 4,800 ಚದರ ಕಿಲೋಮೀಟರಿನ ಉಪ್ಪಿನ ಬಯಲು. ಹುಲ್ಲುಕಡ್ಡಿಯೂ ಇಲ್ಲ, ದಿಗಂತದಲ್ಲಿ ಬಿಸಿಲ್ಗುದುರೆಯ ಕುಣಿತ. ಇದರ ದಕ್ಷಿಣ ಅಂಚಿನುದ್ದಕ್ಕೂ ಅಲ್ಲಲ್ಲಿ ಒರತೆಗಳಿವೆ, ಕೊಳವೆಬಾವಿಯಿಂದ ತುಂಬಿಸಿದ ಹೊಂಡಗಳೂ ಇವೆ. ಜೂನಿನಿಂದ ಅಕ್ಟೋಬರಿನವರೆಗಿನ ಒಣದಿನಗಳಲ್ಲಿ ಸಕಲ ಪ್ರಾಣಿಗಳೂ ಇಲ್ಲಿಗೆ ಬರಲೇಬೇಕು. ಆದುದರಿಂದ ಮೃಗಗಳ ಬೆನ್ನಟ್ಟುವ ಗೋಜಿಲ್ಲ. ವಾಹನ ನಿಲ್ಲಿಸಿ, ಸುಮ್ಮನೆ ಕುಳಿತರಾಯಿತು.

ಒಕಾಕ್ವೇಯೊ ಎಂಬ ಶಿಬಿರದ ಪಕ್ಕದ ಹೊಂಡಕ್ಕೆ ರಾತ್ರಿ ಮಂದ ದೀಪ ಹಾಕುತ್ತಾರೆ. ಗಿಡ್ಡ ಕಲ್ಗೋಡೆಯ ಈಚೆ ನಾವು, ಆಚೆ ಅವು. ಅಲ್ಲಿ ಕುಳಿತು ಕಳೆದ ರಾತ್ರಿ ಇಡೀ ಪ್ರವಾಸದ ಮುಕುಟವೆಂದು ನನಗೆ ತೋರುತ್ತದೆ. ಮೊದಲು ಬಂದದ್ದು ಒಂದು ಕಪ್ಪು ಖಡ್ಗಮೃಗ, ಜೊತೆಗೆ ಮರಿ. ನೀರಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ತುಂಬ ಹೊತ್ತು ಗಾಳಿ ಮೂಸಿತು. ಬಳಿಕ ಜಿರಾಫೆ ಬಂತು. ನೀರು ಕುಡಿಯಬೇಕಾದರೆ ಮುಂಗಾಲುಗಳನ್ನು ಅಗಲಿಸಿ ಬಗ್ಗಲೇಬೇಕು. ಸಿಂಹಕ್ಕೆ ಸಿಕ್ಕಿಬೀಳುವುದೂ ಆಗಲೇ. ಅದು ಮೂರು ಬಾರಿ ಬಗ್ಗಲು ಹೋಗಿ ಮೂರು ಬಾರಿ ನೆಟ್ಟಗಾಯಿತು. ಅಷ್ಟರಲ್ಲಿ ಕತ್ತಲೆಯಿಂದ ಸದ್ದೇ ಇಲ್ಲದೆ ಆನೆಗಳ ಹಿಂಡು ಬಂದಿತು. ಜಿರಾಫೆ ಹಿಂದೆ ಸರಿಯಿತು; ಖಡ್ಗಮೃಗ ಮಾತ್ರ ಮರಿಯನ್ನು ಹಿಂದಿರಿಸಿಕೊಂಡು ಸ್ಥಳ ಬಿಡದೆ ನಿಂತಿತು. ಆನೆಯೊಂದು ಕಿವಿಯರಳಿಸಿ ಎರಡು ಹೆಜ್ಜೆ ಮುಂದಿಟ್ಟಿತು. ಖಡ್ಗಮೃಗ ಬುಸುಗುಟ್ಟಿ, ಹೊಂಡದ ಇನ್ನೊಂದು ಮೂಲೆಗೆ ನಡೆದು, ಅಲ್ಲಿ ಕುಡಿಯತೊಡಗಿತು. ಮುಂಬಯಿಯ ಚಾಳಿನ ನಳದ ಮುಂದಿನ ಸರತಿಯನ್ನು ಕಂಡವರಿಗೆ ಈ ರಾಜಿ ಹೊಸದಲ್ಲ. ಪಕ್ಕದಲ್ಲಿ ಕುಳಿತವರು ನನ್ನ ಕಿವಿಯಲ್ಲಿ ಅದನ್ನೇ ಪಿಸುಗುಟ್ಟಿದರು.

ನಾವು ಬಂದ ಮರುವರ್ಷವೇ ದೇಶ ಬರಗಾಲಕ್ಕೆ ತುತ್ತಾಯಿತು. 2024ರ ಮೇ ತಿಂಗಳಲ್ಲಿ ನಮೀಬಿಯಾ ತುರ್ತುಪರಿಸ್ಥಿತಿ ಘೋಷಿಸಿತು. ಆಗಸ್ಟ್‌ನಲ್ಲಿ, ಹಸಿದ ಜನಕ್ಕೆ ಮಾಂಸ ಹಂಚಲೆಂದು 83 ಆನೆಗಳೂ 300 ಜೀಬ್ರಾಗಳೂ ಸೇರಿ 723 ಕಾಡುಪ್ರಾಣಿಗಳನ್ನು ಕೊಲ್ಲುವ ಯೋಜನೆಯನ್ನು ಪ್ರಕಟಿಸಿತು. ಪರದೇಶದವರು ಹುಯ್ಯಲೆಬ್ಬಿಸಿದರು. ದೂರದಲ್ಲಿ ಕುಳಿತು ತೀರ್ಪು ಕೊಡುವುದು ಸುಲಭ. ಹೊಂಡ ಬತ್ತಿದಾಗ ಆನೆಗೂ ಹಳ್ಳಿಗೂ ಒಂದೇ ಬಾವಿ ಉಳಿಯುವ ಊರುಗಳಲ್ಲಿ ಬದುಕುವವರ ಮಾತನ್ನೂ ಕೇಳಬೇಕೆಂದು ನನ್ನ ಅಭಿಪ್ರಾಯ. 2025ರ ಸೆಪ್ಟೆಂಬರಿನಲ್ಲಿ ಹಬ್ಬಿದ ಕಾಳ್ಗಿಚ್ಚು ಎಟೋಶಾದ ಸುಮಾರು ಮೂರನೆಯ ಒಂದು ಭಾಗವನ್ನು ಸುಟ್ಟಿತು.

ನೀರಿನ ಹೊಂಡವನ್ನು ಮನುಷ್ಯನು ಮನುಷ್ಯನ ಮೇಲೆ ಆಯುಧವಾಗಿ ಬಳಸಿದ ಕತೆಯೂ ಈ ನೆಲದಲ್ಲಿದೆ. ಎಟೋಶಾಕ್ಕೆ ಹೋಗುವ ಹೆದ್ದಾರಿಯ ಪೂರ್ವಕ್ಕೆ ವಾಟರ್‌ಬರ್ಗ್ ಎಂಬ ಚಪ್ಪಟೆ ಬೆಟ್ಟವಿದೆ. ಜರ್ಮನರ ಆಳ್ವಿಕೆಯ ವಿರುದ್ಧ ದಂಗೆಯೆದ್ದ ಹೆರೆರೊ ಜನರನ್ನು 1904ರ ಆಗಸ್ಟ್ 11ರಂದು ಅಲ್ಲಿ ಸೋಲಿಸಿದ ಸೇನಾಪತಿ ಫಾನ್ ಟ್ರೋಥಾ, ಅವರನ್ನು ಹೆಂಗಸರು ಮಕ್ಕಳ ಸಮೇತ ಓಮಹೇಕೆ ಎಂಬ ನಿರ್ಜಲ ಪ್ರದೇಶಕ್ಕೆ ಅಟ್ಟಿ, ನೀರಿನ ತಾಣಗಳಿಗೆ ಕಾವಲು ಹಾಕಿಸಿದನು. ಹೆರೆರೊ ಜನಾಂಗದ ಬಹುಪಾಲು ಬಾಯಾರಿಕೆಯಿಂದಲೂ, ಮುಂದೆ ಸೆರೆಶಿಬಿರಗಳಲ್ಲಿಯೂ ನಾಶವಾಯಿತು. ಅದು ಜನಾಂಗಹತ್ಯೆಯೆಂದು ಜರ್ಮನಿ ಒಪ್ಪಿಕೊಂಡದ್ದು 2021ರಲ್ಲಿ. ನಮ್ಮ ಮಾರ್ಗದರ್ಶಿ ಇದನ್ನು ವಾಹನ ನಿಲ್ಲಿಸದೆಯೇ, ಕಣ್ಣು ರಸ್ತೆಯ ಮೇಲಿಟ್ಟು ಹೇಳಿದನು.

ಜರ್ಮನರ ಬಳಿಕ ದಕ್ಷಿಣ ಆಫ್ರಿಕೆಯ ಬಿಳಿಯರ ಆಡಳಿತ. ಸ್ವಾತಂತ್ರ್ಯ ದೊರೆತದ್ದು 1990ರ ಮಾರ್ಚ್ 21ರಂದು. ಅದರ ಹೋರಾಟದೊಡನೆ ಭಾರತದ ನಂಟು ಹಳೆಯದು. ಸ್ವಾಪೊ ಸಂಘಟನೆಗೆ ಹೊಸದಿಲ್ಲಿಯಲ್ಲಿ ರಾಯಭಾರ ಕಚೇರಿಯ ಮಾನ್ಯತೆ 1986ರಲ್ಲೇ ದೊರೆತಿತ್ತು. 1989ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ ಹೋದವರು ನಮ್ಮ ಲೆ. ಜನರಲ್ ಪ್ರೇಮ್ ಚಂದ್. ಈಚಿನ ನಂಟು ಚೀತಾಗಳದ್ದು. 1952ರಲ್ಲಿ ನಮ್ಮಲ್ಲಿ ನಿರ್ವಂಶವಾದುವೆಂದು ಘೋಷಿಸಿದ್ದ ಚೀತಾಗಳಲ್ಲಿ ಎಂಟು 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಮಧ್ಯಪ್ರದೇಶದ ಕೂನೋಕ್ಕೆ ಬಂದವು. ಕೆಲವು ಸತ್ತವು, ಇಲ್ಲಿಯೇ ಮರಿಗಳೂ ಹುಟ್ಟಿದವು. ನಾವು ಭಾರತದವರೆಂದು ತಿಳಿದೊಡನೆ ಅಂಗಡಿಯವರೂ ಕೇಳುತ್ತಿದ್ದ ಪ್ರಶ್ನೆ: "ನಮ್ಮ ಚೀತಾಗಳು ಹೇಗಿವೆ?"

ಕಡಲು ಕಾಣದ ಹೊಳೆ

ಎಟೋಶಾದಿಂದ ಈಶಾನ್ಯಕ್ಕೆ ಎರಡು ದಿನದ ಪಯಣ. ರುಂಡು ದಾಟಿದ ಮೇಲೆ ನೋಟವೇ ಬದಲಾಗುತ್ತದೆ: ಹಸುರು, ಹುಲ್ಲುಛಾವಣಿಯ ಗುಡಿಸಲು, ತಲೆಯ ಮೇಲೆ ಕೊಡ ಹೊತ್ತ ಹೆಂಗಸರು. ಗಡಿ ದಾಟಿ ಬೋಟ್ಸ್ವಾನಾ ಸೇರುವಾಗ, ದನಗಳ ಕಾಲುಬಾಯಿ ಜ್ವರ ಹರಡದಿರಲೆಂದು ನಮ್ಮ ಪಾದರಕ್ಷೆಗಳನ್ನೂ ವಾಹನದ ಚಕ್ರಗಳನ್ನೂ ಔಷಧಿಯ ನೀರಿನಲ್ಲಿ ಅದ್ದಿಸಿದರು.

ಇಲ್ಲಿದೆ ಒಕವಾಂಗೊ. ಅಂಗೋಲಾದ ಎತ್ತರದ ನೆಲದಲ್ಲಿ ಹುಟ್ಟಿ, ಕಡಲಿಗೆ ಬೆನ್ನು ಮಾಡಿ, ಕಲಹಾರಿಯ ಮರಳಿನತ್ತ ಹರಿಯುವ ನದಿ. ಮರಳಿನ ಮೇಲೆ ಅಂಗೈಯ ಬೆರಳುಗಳಂತೆ ಚದುರಿ, ಜೊಂಡು, ದ್ವೀಪ, ಕಾಲುವೆಗಳ ಮುಖಜಭೂಮಿಯಾಗಿ ಕೊನೆಗೊಳ್ಳುತ್ತದೆ. ಬಂದ ನೀರಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಆವಿಯಾಗಿ ಆಕಾಶಕ್ಕೇ ಹೋಗುತ್ತದೆ. ಅಂಗೋಲಾದಲ್ಲಿ ಬೇಸಗೆಯಲ್ಲಿ ಬಿದ್ದ ಮಳೆ ನಿಧಾನವಾಗಿ ತೆವಳಿ ಬಂದು, ಇಲ್ಲಿ ಸುತ್ತಲೂ ಒಣಗಿ ನಿಂತ ದಿನಗಳಲ್ಲಿಯೇ ನೆರೆ ಏರಿಸುತ್ತದೆ. ಯುನೆಸ್ಕೋ 2014ರಲ್ಲಿ ತನ್ನ ಪಟ್ಟಿಯ ಸಾವಿರದನೆಯ ತಾಣವಾಗಿ ಇದನ್ನು ಆರಿಸಿತು. ಮೊಕೊರೊ ಎಂಬ ಕಿರುದೋಣಿಯಲ್ಲಿ ಒಬ್ಬನು ಹಿಂದೆ ನಿಂತು ಗಳೆ ಹಾಕುತ್ತಾನೆ; ಹಿಂದೆ ಮರದ ದಿಮ್ಮಿ ಕೊರೆದು ಮಾಡುತ್ತಿದ್ದ ದೋಣಿಗಳು ಈಗ ಬಹುಮಟ್ಟಿಗೆ ಫೈಬರ್‌ಗ್ಲಾಸಿನವು. ನೀರಾನೆಯ ಗೊರಕೆ ಕೇಳಿಸಿದೊಡನೆ ದೋಣಿಯವನು ಜೊಂಡಿನ ಮರೆಗೆ ಸರಿದು ಉಸಿರು ಬಿಗಿಹಿಡಿದ, ನಾವೂ ಹಿಡಿದೆವು.

ತೆಳಿನೀರು ಕಂಡು ಕಾಲು ಇಳಿಬಿಡುವ ಆಸೆ ಯಾರಿಗಾದರೂ ಆದೀತು. ಕೂಡದು. ಮೊಸಳೆಯ ಮಾತಿರಲಿ, ಆಫ್ರಿಕೆಯ ಸಿಹಿನೀರಿನ ಬಸವನಹುಳುಗಳಿಂದ ಹೊರಬೀಳುವ ಬಿಲ್‌ಹಾರ್ಜಿಯಾ ಎಂಬ ಸೂಕ್ಷ್ಮ ಪರೋಪಜೀವಿ ಚರ್ಮವನ್ನೇ ತೂರಿ ಒಳಹೊಕ್ಕು, ಮೂತ್ರಕೋಶ, ಕರುಳು, ಪಿತ್ತಜನಕಾಂಗಗಳನ್ನು ಕೆಡಿಸುತ್ತದೆ. ನಿಂತ ನೀರು ಆನೆಗೂ ಮೃತ್ಯುವಾದೀತು: 2020ರಲ್ಲಿ ಈ ಪ್ರದೇಶದ ಸಮೀಪ 300ಕ್ಕೂ ಹೆಚ್ಚು ಆನೆಗಳು ನಿಗೂಢವಾಗಿ ಸತ್ತಾಗ, ಹೊಂಡಗಳಲ್ಲಿ ಬೆಳೆದ ನೀಲಿಹಸುರು ಪಾಚಿಯ ವಿಷವೇ ಕಾರಣವೆಂದು ಬೋಟ್ಸ್ವಾನಾ ಸರಕಾರ ತಿಳಿಸಿತು.

ಆನೆಗಳ ಸಂಖ್ಯೆ ಇಲ್ಲಿ ನಂಬಲಾಗದಷ್ಟು. 2022ರ ವಿಮಾನ ಗಣತಿಯಂತೆ ಬೋಟ್ಸ್ವಾನಾದಲ್ಲಿ ಸುಮಾರು 1 ಲಕ್ಷ 32 ಸಾವಿರ. 2025ರಲ್ಲಿ ಪ್ರಕಟವಾದ ನಮ್ಮ ಅಂದಾಜಿನಂತೆ ಇಡೀ ಭಾರತದಲ್ಲಿರುವುದು 22,446. ಅವುಗಳಲ್ಲಿ ಅತಿ ಹೆಚ್ಚು, 6,013, ಕರ್ನಾಟಕದಲ್ಲಿ. ಚೋಬೆ ನದಿಯ ದಡದಲ್ಲಿ ಒಂದೇ ಸಂಜೆ ನಾವು ಇನ್ನೂರರವರೆಗೆ ಎಣಿಸಿ ಕೈಬಿಟ್ಟೆವು. ಅಲ್ಲಿಂದ ಒಂದೆರಡು ಗಂಟೆಯ ದಾರಿ ವಿಕ್ಟೋರಿಯಾ ಜಲಪಾತ. 1,700 ಮೀಟರು ಅಗಲ, 108 ಮೀಟರು ಎತ್ತರ. ಜೋಗದ ರಾಜಾ ಇದರ ಎರಡು ಪಟ್ಟಿಗೂ ಎತ್ತರದವನು, ಆದರೆ ಅಗಲದಲ್ಲಿ ಸರಿಸಾಟಿಯಲ್ಲ. ಅದರ ವರ್ಣನೆ ಈ ಮೊದಲೇ ಹಲವರು ಮಾಡಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ಹೊರಡುವವರಿಗೆ

ಊಟದ ಚಿಂತೆ ಬೇಡ. ಶಾಕಾಹಾರಿಗಳೆಂದು ಮೊದಲೇ ತಿಳಿಸಿದರೆ ಜೋಳದ ಹಿಟ್ಟಿನ ಮುದ್ದೆ, ಕುಂಬಳ, ಹುರುಳಿಯಂಥ ಕಾಳುಗಳು ಸಿಗುತ್ತವೆ. ಅವಲಕ್ಕಿ, ಚಟ್ನಿಪುಡಿ ನಮ್ಮ ಕೈ ಬಿಡಲಿಲ್ಲ. ಹಣ್ಣು, ಹಾಲಿನ ಪದಾರ್ಥಗಳನ್ನು ಗಡಿಯಲ್ಲಿ ತಡೆಯುವುದುಂಟು. ಜಲ್ಲಿರಸ್ತೆಯ ಕುಲುಕಾಟ ಬೆನ್ನುನೋವಿನವರಿಗೆ ಶಿಕ್ಷೆ. ಅವರು ವಾಹನದ ಹಿಂದಿನ ಆಸನ ತೊರೆಯುವುದು ಲೇಸು. ಇನ್ಸುಲಿನ್ನನ್ನು ಫ್ಲಾಸ್ಕಿನಲ್ಲಿ, ಮಂಜುಗಡ್ಡೆಗೆ ತಾಗದಂತೆ ಇರಿಸಬೇಕು. ವಿಮೆ ಮಾಡಿಸುವಾಗ ಇರುವ ಕಾಯಿಲೆಗಳನ್ನು ಮುಚ್ಚಿಡದೆ, ರೋಗಿಯನ್ನು ವಿಮಾನದಲ್ಲಿ ಸಾಗಿಸುವ ವೆಚ್ಚವೂ ಒಳಗೊಂಡಿದೆಯೆ ಎಂದು ಓದಿ ನೋಡಬೇಕು. ಆ ದೂರಗಳಲ್ಲಿ ಅದು ಅನಿವಾರ್ಯ.

ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ ಗೊಂದಲ ಹೆಚ್ಚು. ನಮೀಬಿಯಾ, ಬೋಟ್ಸ್ವಾನಾಗಳಲ್ಲಿ ಆ ರೋಗವಿಲ್ಲ. ಆದರೆ ಅಡಿಸ್ ಅಬಾಬಾ ಅಥವಾ ನೈರೋಬಿಯ ಮೂಲಕ ಹೋಗಿ ಅಲ್ಲಿ ತಂಗಿದರೆ ಪ್ರಮಾಣಪತ್ರ ಕೇಳುತ್ತಾರೆ. ಅದಿಲ್ಲದೆ ರೋಗವಿರುವ ದೇಶದಿಂದ ಬಂದವರನ್ನು ನಮ್ಮ ದೇಶದಲ್ಲಿಯೂ ಆರು ದಿನದವರೆಗೆ ಪ್ರತ್ಯೇಕವಾಗಿಡಬಹುದು. ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ ಹತ್ತು ದಿನಗಳ ಬಳಿಕ. 2016ರಿಂದ ಅದು ಆಜೀವ ಸಲ್ಲುತ್ತದೆ. ಅರುವತ್ತು ದಾಟಿದವರಿಗೆ ಈ ಲಸಿಕೆಯಿಂದ ತೊಂದರೆಯ ಸಂಭವ ತುಸು ಹೆಚ್ಚಾದುದರಿಂದ, ಚುಚ್ಚಿಸಿಕೊಳ್ಳುವುದಕ್ಕಿಂತ ವಿಮಾನದ ದಾರಿಯನ್ನೇ ಬದಲಿಸುವುದು ಒಮ್ಮೊಮ್ಮೆ ಜಾಣತನ.

ಮಲೇರಿಯಾ ಎಲ್ಲಕ್ಕಿಂತ ಮುಖ್ಯ. ಮರುಭೂಮಿಯಲ್ಲಿ, ಸ್ವಾಕೊಪ್ಮುಂಡಿನಲ್ಲಿ ಅದರ ಭಯವಿಲ್ಲ. ಎಟೋಶಾದಿಂದ ಉತ್ತರಕ್ಕೆ, ಒಕವಾಂಗೊ, ಚೋಬೆ, ಜಲಪಾತದ ಸುತ್ತ ಇದೆ. ಮಳೆಗಾಲದಲ್ಲಿ ಅತಿಯಾಗಿ, ಒಣದಿನಗಳಲ್ಲಿ ಕಡಿಮೆಯಾಗಿ. ಅಲ್ಲಿನದು ಬಹುಮಟ್ಟಿಗೆ ಫಾಲ್ಸಿಪ್ಯಾರಮ್, ಮಿದುಳಿಗೂ ಏರುವ ಮಾರಕ ಬಗೆ. ನಮ್ಮ ಹಿರಿಯರು ನಂಬಿದ್ದ ಕ್ಲೋರೋಕ್ವಿನ್ ಅದಕ್ಕೆ ನಾಟದು. ಊರಲ್ಲಿ ಎಷ್ಟೋ ಬಾರಿ ಮಲೇರಿಯಾ ಬಂದು ಹೋಗಿದೆ, ತನಗೇನೂ ಆಗದೆಂಬ ಧೈರ್ಯ ಇಲ್ಲಿ ಸಲ್ಲದು. ಸಂಜೆಯಿಂದ ತುಂಬುದೋಳಿನ ಉಡುಪು, ಸೊಳ್ಳೆ ಓಡಿಸುವ ಲೇಪ, ಸೊಳ್ಳೆಪರದೆ ಬೇಕು. ಇದಲ್ಲದೆ ವೈದ್ಯರು ಬರೆದುಕೊಡುವ ಮಾತ್ರೆ. ಡಾಕ್ಸಿಸೈಕ್ಲಿನ್ ಆದರೆ ರೋಗವಿರುವ ಪ್ರದೇಶ ಬಿಟ್ಟ ಮೇಲೂ ನಾಲ್ಕು ವಾರ, ಅಟೋವಾಕ್ವೋನ್–ಪ್ರೋಗ್ವಾನಿಲ್ ಆದರೆ ಏಳು ದಿನ ನುಂಗಬೇಕು. ಮೊದಲನೆಯದರಿಂದ ಕೆಲವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಮನೆ ಸೇರಿದೊಡನೆ ಮಾತ್ರೆ ನಿಲ್ಲಿಸುವವರೇ ಅಧಿಕ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಹಿಂದಿರುಗಿದ ಮೂರು ತಿಂಗಳೊಳಗೆ, ಅದರ ಬಳಿಕ ಒಂದು ವರ್ಷದವರೆಗೂ, ಜ್ವರ ಬಂದರೆ 'ಹವೆ ಬದಲಾದದ್ದು' ಎಂದು ಕಷಾಯ ಕುಡಿದು ಮಲಗದೆ, ಅಂದೇ ರಕ್ತಪರೀಕ್ಷೆ ಮಾಡಿಸಬೇಕು. ಆಫ್ರಿಕೆಯಲ್ಲಿ ಯಾವ ಊರುಗಳಲ್ಲಿ, ಯಾವ ತಾರೀಕುಗಳಲ್ಲಿ ಇದ್ದೆವೆಂಬುದನ್ನು ವೈದ್ಯರು ಕೇಳುವ ಮೊದಲೇ ತಿಳಿಸಬೇಕು.